ರಷ್ಯಾದ ಒಳಯುದ್ಧದಲ್ಲಿ ಬಿಳಿಯರ ಕಡೆ ಅಷ್ಟು ಜನ ಜನರಲ್‌ಗಳಿದ್ದರೂ ಕೆಂಪು ಸೈನ್ಯ ಹೇಗೆ ಗೆದ್ದಿತು?

ಕಕ್ಕಡದ_ಓದುಗ (ಸೋಮವಾರಪೇಟೆ)

ಎಲ್ಲರಿಗೂ ನಮಸ್ಕಾರ. ಕಕ್ಕಡ ಶುರುವಾದ ಮೇಲೆ ನಮ್ಮ ಕಡೆ ಮಳೆ ಬಿಟ್ಟೇ ಇಲ್ಲ. ನಾಲ್ಕು ದಿನದಿಂದ ಕರೆಂಟೂ ಇಲ್ಲ. ಜೀಪಿನಲ್ಲಿ ಫೋನ್ ಚಾರ್ಜ್ ಮಾಡಿಕೊಂಡು ಇದನ್ನು ಬರೆಯುತ್ತಿದ್ದೇನೆ. ತೋಟಕ್ಕೆ ಇಳಿಯುವ ಹಾಗಿಲ್ಲ. ಹಾಗಾಗಿ ನಾನೂ ದೊಡ್ಡಪ್ಪನೂ ಒಲೆ ಮುಂದೆ ಕೂತು ಜಗಳ ಆಡುತ್ತಿದ್ದೇವೆ. ಜಗಳ ರಷ್ಯಾದ ಬಗ್ಗೆ. ನಗಬೇಡಿ.

ದೊಡ್ಡಪ್ಪ ಇನ್‌ಫೆಂಟ್ರಿಯಲ್ಲಿ ಹವಾಲ್ದಾರ್ ಆಗಿ ರಿಟೈರ್ ಆದವರು. ಅವರದ್ದು ಒಂದೇ ಮಾತು: ಆಫೀಸರ್ ಇಲ್ಲದ ಸೈನ್ಯ ಅಂದರೆ ಗೊಬ್ಬರದ ಚೀಲ, ಯಾರಾದರೂ ಎತ್ತಿದರೆ ಉಂಟು, ಇಲ್ಲದಿದ್ದರೆ ಇಟ್ಟಲ್ಲೇ. ನಾನು ರಷ್ಯಾದ ಉದಾಹರಣೆ ಕೊಟ್ಟೆ. ಅಲ್ಲಿ ನನಗೇ ಸಿಕ್ಕಿಹಾಕಿಕೊಂಡಿತು.

1917ರ ನವೆಂಬರ್‌ನಲ್ಲಿ ಲೆನಿನ್‌ನ ಬೋಲ್ಷೆವಿಕ್ ಪಕ್ಷದವರು, ಅಂದರೆ ಕೆಂಪಿನವರು, ಆಗಿನ ರಾಜಧಾನಿ ಪೆಟ್ರೊಗ್ರಾಡ್ ಹಿಡಿದರು. ಮರುವರ್ಷ ಒಳಯುದ್ಧ ಜೋರಾಯಿತು. ಬಿಳಿಯರ ಕಡೆ, ಅಂದರೆ ಬೋಲ್ಷೆವಿಕರ ವಿರುದ್ಧ ನಿಂತ ರಷ್ಯನ್ನರ ಕಡೆ, ನೋಡಿ. ದಕ್ಷಿಣದಲ್ಲಿ ಡೆನಿಕಿನ್. ಸೈಬೀರಿಯಾದಲ್ಲಿ ಅಡ್ಮಿರಲ್ ಕೋಲ್ಚಾಕ್. ಪೆಟ್ರೊಗ್ರಾಡ್ ಪಕ್ಕದಲ್ಲೇ ಯುಡೇನಿಚ್, ಮೊದಲ ಮಹಾಯುದ್ಧದಲ್ಲಿ ತುರ್ಕರನ್ನು ಸೋಲಿಸಿದವನು. ಬ್ರಿಟಿಷರ ಟ್ಯಾಂಕು, ಬಟ್ಟೆ, ಬಂದೂಕು. ಫ್ರೆಂಚರು, ಜಪಾನಿನವರು, ಅಮೆರಿಕದವರು ಒಂದೊಂದು ಮೂಲೆಯಲ್ಲಿ ಇಳಿದಿದ್ದರು. 1919ರ ಅಕ್ಟೋಬರ್‌ನಲ್ಲಿ ಡೆನಿಕಿನ್‌ನ ಸೈನ್ಯ ಓರ್ಯೋಲ್ ಊರನ್ನು ಹಿಡಿಯಿತು. ಅಲ್ಲಿಂದ ಮಾಸ್ಕೋಗೆ ಸುಮಾರು 360 ಕಿಲೋಮೀಟರ್. ಮಡಿಕೇರಿಯಿಂದ ಬೆಂಗಳೂರಿಗೆ ಹೋಗಿ ಇನ್ನೊಂದು ನೂರು ಕಿಲೋಮೀಟರ್ ಮುಂದೆ ಹೋದ ಹಾಗೆ, ಅಷ್ಟೇ. ಅದೇ ವಾರಗಳಲ್ಲಿ ಯುಡೇನಿಚ್ ಪೆಟ್ರೊಗ್ರಾಡ್ ಅಂಚಿಗೇ ಬಂದಿದ್ದ.

ಆರು ತಿಂಗಳು ಕಳೆಯುವಷ್ಟರಲ್ಲಿ ಡೆನಿಕಿನ್ ಹುದ್ದೆ ಬಿಟ್ಟು ಹಡಗು ಹತ್ತಿದ. ಕೋಲ್ಚಾಕ್‌ನನ್ನು ಇರ್ಕುಟ್ಸ್ಕ್‌ನಲ್ಲಿ ಗುಂಡಿಟ್ಟು ಕೊಂದಾಗಿತ್ತು. ಇದು ಹೇಗೆ ಸಾಧ್ಯ? 'ಜನ ಕ್ರಾಂತಿಯ ಕಡೆ ಇದ್ದರು' ಅನ್ನೋ ಉತ್ತರ ದೊಡ್ಡಪ್ಪನ ಹತ್ತಿರ ನಡೆಯುವುದಿಲ್ಲ. ನನಗೂ ಅದು ಪೂರ್ತಿ ಒಪ್ಪಿಗೆ ಇಲ್ಲ. ತಿಳಿದವರು ಹೇಳಿ.


ಬೇಟೆನಾಯಿ

ಇದಕ್ಕೆ ಇಷ್ಟುದ್ದ ಯಾಕೆ? ಹೆದರಿಕೆ. ಚೇಕಾ ಅಂತ ಗುಪ್ತ ಪೊಲೀಸರಿದ್ದರು. ಸೈನ್ಯ ಬಿಟ್ಟು ಓಡಿದರೆ ಗುಂಡು. ಆಫೀಸರ್ ಕೈಕೊಟ್ಟರೆ ಅವನ ಹೆಂಡತಿ ಮಕ್ಕಳು ಒಳಗೆ. ಬಂದೂಕು ಬೆನ್ನಿಗಿಟ್ಟರೆ ಯಾರು ಬೇಕಾದರೂ ಮುಂದೆ ಓಡುತ್ತಾರೆ.


ಕಕ್ಕಡದ_ಓದುಗ

ಅಣ್ಣ, ಅದು ಸರಿ. ಆದರೆ ಬಿಳಿಯರೇನು ಕಡಿಮೆ ಇರಲಿಲ್ಲವಲ್ಲ. ಹಳ್ಳಿ ಸುಟ್ಟರು, ಯೆಹೂದಿಗಳನ್ನು ಸಾವಿರಗಟ್ಟಲೆ ಕೊಂದರು. ಹೆದರಿಕೆ ಎರಡೂ ಕಡೆ ಇದ್ದರೆ ಒಂದೇ ಕಡೆ ಗೆದ್ದದ್ದು ಯಾಕೆ?


ರೇಶನ್_ಸುಬೇದಾರ್ (ಮಡಿಕೇರಿ)

ತಮ್ಮಾ, ಮೊದಲು ದೊಡ್ಡಪ್ಪನಿಗೆ ನನ್ನ ಸಲಾಂ ಹೇಳು. ಇನ್‌ಫೆಂಟ್ರಿಯವರು ಎಲ್ಲಾ ಯುದ್ಧ ತಾವೇ ಗೆದ್ದದ್ದು ಅಂತ ತಿಳಿದುಕೊಂಡಿರುತ್ತಾರೆ. ನಾನು 28 ವರ್ಷ ಎಎಸ್‌ಸಿ, ಸೈನ್ಯಕ್ಕೆ ಸಾಮಾನು ಮುಟ್ಟಿಸುವ ದಳ. ಅಂದರೆ ಹಿಟ್ಟು, ಬೇಳೆ, ಸೀಮೆಎಣ್ಣೆ, ಲಾರಿ, ಹೇಸರಗತ್ತೆ. ಲಡಾಖ್‌ನಲ್ಲಿ ಹಿಮ ಬಿದ್ದು ಜೋಜಿಲಾ ಘಾಟಿ ಮುಚ್ಚುವ ಮೊದಲು ಇಡೀ ಚಳಿಗಾಲದ ಸಾಮಾನು ಮೇಲೆ ಸೇರಿಸುವುದು ನಮ್ಮ ಕೆಲಸ. ಅಲ್ಲಿ ಯಾರೂ 'ಶೂರ ಯಾರು' ಅಂತ ಕೇಳುವುದಿಲ್ಲ. 'ಸೀಮೆಎಣ್ಣೆ ಎಷ್ಟು ಜೆರಿಕ್ಯಾನ್ ಬಂತು' ಅಂತ ಕೇಳುತ್ತಾರೆ.

ರಷ್ಯಾಕ್ಕೆ ಹೋಗುವ ಮೊದಲು ಒಂದು ಕಥೆ. 2018ರ ಆಗಸ್ಟ್. ಮಕ್ಕಂದೂರು, ಕಾಲೂರು ಕಡೆ ಗುಡ್ಡ ಜಾರಿತ್ತು. ಜೋಡುಪಾಲದ ಹತ್ತಿರ ಮಂಗಳೂರು ರಸ್ತೆ ಕಟ್ ಆಗಿತ್ತು. ನಾನು ಒಂದು ಹಾಲ್‌ನಲ್ಲಿ ಸಾಮಾನು ಇಳಿಸಿಕೊಳ್ಳುವ ಕೆಲಸಕ್ಕೆ ಸ್ವಂತ ಇಷ್ಟದಿಂದ ನಿಂತಿದ್ದೆ. ಯಾವ ಹಾಲ್ ಅಂತ ಬೇಡ. ಕುಶಾಲನಗರದ ಕಡೆಯಿಂದ ಲಾರಿ ಮೇಲೆ ಲಾರಿ. ಜನ ಎಷ್ಟು ಒಳ್ಳೆಯವರು ಅಂದರೆ ಬೇಡ ಅಂದರೂ ನಿಲ್ಲಲಿಲ್ಲ. ಬ್ರೆಡ್ಡಿನ ರಾಶಿ ಕಿಟಕಿ ಎತ್ತರಕ್ಕೆ ಬಂತು. ಮೂರನೇ ದಿನ ಕೆಳಗಿನ ಪ್ಯಾಕೆಟ್‌ಗಳಿಗೆ ಹಸಿರು ಬೂಸ್ಟು. ಹಳೇ ಸೀರೆ ಮೂಟೆಗಟ್ಟಲೆ. ಮೇಲೆ ಸಿಕ್ಕಿಹಾಕಿಕೊಂಡವರು ಹೇಳಿ ಕಳಿಸಿದ್ದು ಏನು ಗೊತ್ತಾ? ಬೆಂಕಿಪೊಟ್ಟಣ, ಮೇಣದಬತ್ತಿ, ಟಾರ್ಪಾಲು, ಮಗುವಿನ ಹಾಲಿನಪುಡಿ. ನಾಲ್ಕೂ ನಮ್ಮಲ್ಲೇ ಇದ್ದವು, ಹಿಂದಿನ ರೂಮಿನಲ್ಲಿ. ರೂಮಿಗೆ ಬೀಗ. ಬೀಗದ ಕೈ ಇಟ್ಟುಕೊಂಡವನು ಮನೆಗೆ ಹೋಗಿದ್ದ. ಅವನ ಫೋನಿಗೆ ನೆಟ್‌ವರ್ಕ್ ಇಲ್ಲ. ಕೊನೆಗೆ ಹಾರೆ ಹಾಕಿ ಬಾಗಿಲು ತೆಗೆದೆವು. ಬೈಸಿಕೊಂಡದ್ದು ನಾನು.

ಬಿಳಿಯರ ಯುದ್ಧ ಹೆಚ್ಚುಕಡಿಮೆ ಆ ಹಾಲ್. ಸಾಮಾನು ಬಂತು. ಬೇಕಾದ ಕಡೆ ಬೇಕಾದ ದಿನ ಹೋಗಲಿಲ್ಲ.

ಈಗ ರಷ್ಯಾದ ಮ್ಯಾಪ್ ತೆಗಿ. ನಮ್ಮ ಜಿಲ್ಲೆಗೆ ರೈಲೇ ಇಲ್ಲ, ಅದಕ್ಕೇ ಇದು ನಮಗೆ ತಲೆಗೆ ಹೋಗುವುದು ನಿಧಾನ. ಮಾಸ್ಕೋದಿಂದ ಹಳಿಗಳು ಛತ್ರಿ ಕಡ್ಡಿಗಳ ಹಾಗೆ ಸುತ್ತಲೂ ಹೊರಟಿವೆ. ಕೆಂಪಿನವರು ಛತ್ರಿಯ ಹಿಡಿ ಹಿಡಿದಿದ್ದರು. ಬಿಳಿಯರು ಒಬ್ಬೊಬ್ಬರು ಒಂದೊಂದು ಕಡ್ಡಿಯ ತುದಿಯಲ್ಲಿ. ಈ ತುದಿಯಿಂದ ಆ ತುದಿಗೆ ಹೋಗಬೇಕಾದರೆ ಬಟ್ಟೆಯ ಅಂಚು ಹಿಡಿದು ಸುತ್ತಬೇಕು. ಡೆನಿಕಿನ್ ಕೋಲ್ಚಾಕ್‌ನನ್ನು ತನ್ನ ಮೇಲಧಿಕಾರಿ ಅಂತ 1919ರ ಜೂನ್‌ನಲ್ಲಿ ಒಪ್ಪಿಕೊಂಡ. ಒಪ್ಪಿಕೊಂಡು ಏನು ಪ್ರಯೋಜನ? ಕೋಲ್ಚಾಕ್ ವೋಲ್ಗಾ ನದಿಯ ಹತ್ತಿರ ಬಂದದ್ದು ಏಪ್ರಿಲ್‌ನಲ್ಲಿ. ಡೆನಿಕಿನ್ ಮಾಸ್ಕೋ ಕಡೆ ಹೊರಟದ್ದು ಜುಲೈನಲ್ಲಿ. ಅಷ್ಟರಲ್ಲಿ ಕೋಲ್ಚಾಕ್ ಹಿಂದೆ ಓಡುತ್ತಿದ್ದ. ಕೆಂಪಿನವರು ಒಂದು ಕಡ್ಡಿಯಲ್ಲಿ ಹೊಡೆದು, ಅದೇ ಸೈನಿಕರನ್ನು ರೈಲಿಗೆ ತುಂಬಿ ಇನ್ನೊಂದು ಕಡ್ಡಿಗೆ ಕಳಿಸಿದರು.

ಯುಡೇನಿಚ್‌ದು ಕೇಳು, ಹೊಟ್ಟೆ ಉರಿಯುತ್ತದೆ. ಪೆಟ್ರೊಗ್ರಾಡ್‌ಗೆ ಮಾಸ್ಕೋದಿಂದ ಬರುವ ಹಳಿಯನ್ನು ತೋಸ್ನೋ ಅನ್ನುವ ಸ್ಟೇಷನ್ ಹತ್ತಿರ ಕತ್ತರಿಸಬೇಕಿತ್ತು. ಅದಕ್ಕೆಂದೇ ಒಂದು ಡಿವಿಜನ್‌ಗೆ ಆರ್ಡರ್ ಹೋಗಿತ್ತು. ಆ ಕೆಲಸ ಆಗಲೇ ಇಲ್ಲ. ಅದೇ ಹಳಿಯಲ್ಲಿ ಕೆಂಪಿನವರ ಯುದ್ಧಮಂತ್ರಿ ಟ್ರಾಟ್ಸ್ಕಿ ಬಂದ, ಅವನ ಹಿಂದೆ ಸೈನ್ಯವೂ ಬಂತು. ಟ್ರಾಟ್ಸ್ಕಿ ಆ ಯುದ್ಧದಲ್ಲಿ ಅರ್ಧ ಕಾಲ ರೈಲಿನಲ್ಲೇ ಇದ್ದವನು. ಆ ರೈಲಿನಲ್ಲಿ ಪ್ರಿಂಟಿಂಗ್ ಪ್ರೆಸ್, ತಂತಿ ಆಫೀಸು, ಕಾರುಗಳು. ಬೂಟು, ತಂಬಾಕು ಕೂಡ ಇರುತ್ತಿತ್ತು. ಭಾಷಣ ಮುಗಿಸಿ ಬೂಟು ಕೊಡುತ್ತಿದ್ದ. ಬರೀ ಭಾಷಣ ಕೊಟ್ಟು ಹೋದವರನ್ನು ನಾನು ಸರ್ವಿಸ್‌ನಲ್ಲಿ ಬೇಕಾದಷ್ಟು ನೋಡಿದ್ದೇನೆ.

ಇನ್ನು ಕೋಲ್ಚಾಕ್. ಅವನ ರಾಜಧಾನಿ ಓಮ್ಸ್ಕ್. ಬ್ರಿಟಿಷರ ಸಾಮಾನು ಇಳಿಯುವುದು ವ್ಲಾಡಿವೊಸ್ಟಾಕ್‌ನಲ್ಲಿ. ನಡುವೆ ಆರೂವರೆ ಸಾವಿರ ಕಿಲೋಮೀಟರ್, ಒಂದೇ ಹಳಿ. ಆ ಹಳಿ ಅವನ ಕೈಯಲ್ಲೂ ಇರಲಿಲ್ಲ. ಒಂದಷ್ಟು ದೂರ, ಮಹಾಯುದ್ಧದಿಂದ ಅಲ್ಲೇ ಉಳಿದುಹೋದ ಚೆಕ್ ಸೈನಿಕರ ಕೈಯಲ್ಲಿ. ಚೀತಾ ಹತ್ತಿರ ಸೆಮ್ಯೋನೊವ್ ಅನ್ನುವ ಕೊಸಾಕ್ (ಕುದುರೆ ಸವಾರಿಗೆ ಹೆಸರಾದ ಸೈನಿಕ ಜನಾಂಗ) ದಳಪತಿ. ಅವನು ಹೆಸರಿಗೆ ಬಿಳಿಯರ ಕಡೆಯವನು, ಬಂದ ರೈಲನ್ನು ನಿಲ್ಲಿಸಿ ತನಗೆ ಬೇಕಾದದ್ದು ಇಳಿಸಿಕೊಳ್ಳುತ್ತಿದ್ದ. ಉಳಿದ ಬಟ್ಟೆ ಹಾಕಿಕೊಂಡ ಹೊಸ ಹುಡುಗರು ಗುಂಪುಗುಂಪಾಗಿ ಕೆಂಪಿನವರ ಕಡೆ ಓಡಿದರು. ಬ್ರಿಟಿಷ್ ಕೋಟು ಹಾಕಿದ ಕೆಂಪು ಸೈನಿಕ! ಸ್ಟೋರ್ ಲೆಕ್ಕದಲ್ಲಿ ಇದನ್ನು ಯಾವ ಕಾಲಂನಲ್ಲಿ ಬರೆಯುವುದು ಹೇಳು.

ಡೆನಿಕಿನ್‌ಗೆ ಬೆನ್ನೇ ಇರಲಿಲ್ಲ. ಮುಂದೆ ಓರ್ಯೋಲ್ ಹಿಡಿದ ಹೊತ್ತಿಗೆ ಹಿಂದೆ ಉಕ್ರೇನ್‌ನಲ್ಲಿ ಮಖ್ನೊನ ರೈತ ಸೈನ್ಯ ಅವನ ಮದ್ದುಗುಂಡಿನ ಡಿಪೊ ಇದ್ದ ಬೆರ್ದ್ಯಾನ್ಸ್ಕ್ ಬಂದರಿಗೇ ನುಗ್ಗಿತು. ಮುಂದಿನಿಂದ ಸೈನಿಕರನ್ನು ತೆಗೆದು ಹಿಂದಕ್ಕೆ ಕಳಿಸಬೇಕಾಯಿತು. ಅದಕ್ಕೆ ಮೊದಲು, ಆಗಸ್ಟ್‌ನಲ್ಲಿ, ಮಾಮೊಂತೊವ್ ಅನ್ನುವವನ ಕುದುರೆ ದಳ ಕೆಂಪಿನವರ ಹಿಂದೆ ನುಗ್ಗಿ ತಾಂಬೋವ್‌ವರೆಗೂ ಹೋಗಿತ್ತು. ಕೇಳಲಿಕ್ಕೆ ಭಾರಿ ಸಾಹಸ. ಆದರೆ ಬರುವಾಗ ಲೂಟಿಯ ಗಾಡಿ ಸಾಲು ಎಷ್ಟುದ್ದ ಅಂದರೆ ದಳ ನಡೆಯಲಿಕ್ಕೇ ಆಗುತ್ತಿರಲಿಲ್ಲ. ಲೂಟಿ ಸಿಕ್ಕ ಕೊಸಾಕರು ಬಹಳ ಜನ ಸೀದಾ ಮನೆಗೆ ಹೋದರು. ಬೇಕಾದ ಹೊತ್ತಿಗೆ ಕುದುರೆ ಇಲ್ಲ.

ಕೆಂಪಿನವರಿಗೋ ನಡುವಿನ ರಷ್ಯಾ. ಆರು ಕೋಟಿಗೂ ಜಾಸ್ತಿ ಜನ, ತೂಲಾದ ಬಂದೂಕು ಕಾರ್ಖಾನೆ, ಹಳೇ ಚಕ್ರವರ್ತಿ ಝಾರನ ಸೈನ್ಯ ಬಿಟ್ಟುಹೋದ ಸ್ಟೋರ್. ಅವರಲ್ಲೂ ಓಡಿಹೋಗುವವರು ಲಕ್ಷಗಟ್ಟಲೆ. ಆದರೆ ಹಿಡಿದು ತರಲಿಕ್ಕೆ, ಕ್ಷಮಿಸಿ ಸೇರಿಸಿಕೊಳ್ಳಲಿಕ್ಕೆ, ಮತ್ತೆ ಹೊಸಬರನ್ನು ತುಂಬಲಿಕ್ಕೆ ಜನ ಇದ್ದರು. 1920ರ ಕೊನೆಗೆ ಲೆಕ್ಕದಲ್ಲಿ 50 ಲಕ್ಷ.

ಇನ್ನು ದೊಡ್ಡಪ್ಪನ ಆಫೀಸರ್ ಪ್ರಶ್ನೆ. ಕೆಂಪಿನವರಿಗೆ ಆಫೀಸರ್ ಇರಲಿಲ್ಲ ಅಂತ ಯಾರು ಹೇಳಿದ್ದು? ಝಾರನ ಆಫೀಸರುಗಳೇ ಹತ್ತಾರು ಸಾವಿರ ಜನ ಆ ಕಡೆ ಕೆಲಸ ಮಾಡಿದರು. 1919ರ ಜುಲೈನಿಂದ ಇಡೀ ಕೆಂಪು ಸೈನ್ಯದ ಮುಖ್ಯಸ್ಥ ಸೆರ್ಗೆಯ್ ಕಮೆನೆವ್, ಝಾರನ ಕಾಲದ ಕರ್ನಲ್. ಕೆಲವರು ರೇಶನ್‌ಗಾಗಿ, ಕೆಲವರು ದೇಶ ಅಂತ, ಕೆಲವರು ಮೇಲೆ ಬೇಟೆನಾಯಿ ಹೇಳಿದ ಹಾಗೆ ಹೆಂಡತಿ ಮಕ್ಕಳಿಗೆ ಏನಾಗುತ್ತದೋ ಅಂತ ಹೆದರಿ. ಪಕ್ಕದಲ್ಲಿ ಒಬ್ಬ ಪಕ್ಷದ ಕಮಿಸಾರ್, ಸಹಿ ಹಾಕಲಿಕ್ಕೆ. ಆದರೆ ನನಗೆ ಇಷ್ಟದವನು ಬುದ್ಯೋನಿ. ಝಾರನ ಕುದುರೆ ದಳದಲ್ಲಿ ನಮ್ಮ ಲೆಕ್ಕದ ಹವಾಲ್ದಾರ್. ಕೆಂಪಿನವರ ಮೊದಲನೇ ಕುದುರೆ ಸೈನ್ಯ ಅವನ ಕೈಗೆ ಬಂತು. ಇದನ್ನು ದೊಡ್ಡಪ್ಪನಿಗೆ ಓದಿ ಹೇಳು, ಕೋಪ ಸ್ವಲ್ಪ ಇಳಿಯಬಹುದು.


ಲೈನ್‌ಮನೆ_ಟೀಚರ್ (ಸುಂಟಿಕೊಪ್ಪ)

ಸುಬೇದಾರ್ ಸರ್ ಬರೆದದ್ದು ಚೆನ್ನಾಗಿದೆ. ಆದರೆ ರೈಲು ಓಡಿಸಲಿಕ್ಕೆ ಒಳಗೆ ಕೂರುವವರು ಬೇಕಲ್ಲ ಸರ್. ಆ ಹಳ್ಳಿ ಹುಡುಗರು ಯಾಕೆ ಕೂತರು?

ನಮ್ಮ ಅಜ್ಜ ಸುಳ್ಯದ ಕಡೆಯವರು, ಗೇಣಿ ಒಕ್ಕಲು. ಭೂಸುಧಾರಣೆ ಕಾನೂನಿಗೆ 1974ರ ತಿದ್ದುಪಡಿ ಬಂದಾಗ ಡಿಕ್ಲರೇಶನ್ ಹಾಕಿದರು. ಎರಡೂಕಾಲು ಎಕರೆ ಸಿಕ್ಕಿತು. ಆ ಕಾಗದವನ್ನು ಅಜ್ಜಿ ತಗಡಿನ ಪೆಟ್ಟಿಗೆಯಲ್ಲಿ, ತನ್ನ ಮದುವೆ ಸೀರೆಯ ಮಡಿಕೆಯೊಳಗೆ ಇಟ್ಟಿದ್ದಳು. ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕುತ್ತಿದ್ದಳು, ಸಂಡಿಗೆ ಜೊತೆ. ನಾನು ಚಿಕ್ಕವಳಿದ್ದಾಗ ಹಳೇ ಧಣಿಗಳ ಮನೆಯವರ ಕಾರು ಆ ದಾರಿಯಲ್ಲಿ ಬಂದರೆ ಸಾಕು, ಅಜ್ಜ ಅಂಗಳಕ್ಕೆ ಬಂದು ಕಾರು ಹೋಗುವ ತನಕ ನಿಂತಿರುತ್ತಿದ್ದರು. ಆಗ ಅದಾಗಿ ಹದಿನೈದು ವರ್ಷವೇ ಕಳೆದಿತ್ತು. ಅಮ್ಮ ಮದುವೆಯಾಗಿ ಕೊಡಗಿನ ತೋಟದ ಕೂಲಿಯವರ ಲೈನ್‌ಮನೆಗೆ ಬಂದಳು. ಕಾಫಿ ತೋಟಕ್ಕೆ ಆ ಕಾನೂನು ತಾಗುವುದಿಲ್ಲ. ಇಲ್ಲಿ ತೋಟದ ಲೆಕ್ಕ ಬರೆಯುವ ರೈಟರ್‌ನ ಪುಸ್ತಕದಲ್ಲಿ ಹಾಜರಿ, ಅಷ್ಟೇ. ಹಾಗಾಗಿ ಕಾಗದ ಇರುವ ಮನೆಗೂ ಇಲ್ಲದ ಮನೆಗೂ ಇರುವ ವ್ಯತ್ಯಾಸ ನನಗೆ ಪುಸ್ತಕ ಓದಿ ಗೊತ್ತಾದದ್ದಲ್ಲ.

ಬೋಲ್ಷೆವಿಕರು ಅಧಿಕಾರ ಹಿಡಿದ ಮರುದಿನವೇ, 1917ರ ನವೆಂಬರ್ 8ಕ್ಕೆ, ಭೂಮಿ ಆಜ್ಞೆ ಹೊರಡಿಸಿದರು. ಅದು ಅವರ ಸ್ವಂತದ್ದೂ ಅಲ್ಲ. ಸೋಷಲಿಸ್ಟ್ ರೆವಲ್ಯೂಷನರಿ ಅನ್ನುವ ಇನ್ನೊಂದು ಪಕ್ಷದ ಕಾರ್ಯಕ್ರಮವನ್ನೇ ಎತ್ತಿಕೊಂಡರು. ರೈತರು ಆಗಲೇ ಧಣಿಗಳ ಹೊಲ ಹಂಚಿಕೊಳ್ಳುತ್ತಿದ್ದರು, ಇವರು ಮೊಹರು ಒತ್ತಿದರು. ಡೆನಿಕಿನ್ ಬಂದಾಗ ಏನು ಮಾಡಿದ? ಹಂಚಿಕೊಂಡ ಹೊಲದ ಬೆಳೆಯಲ್ಲಿ ಮೂರನೇ ಒಂದು ಪಾಲು ಹಳೇ ಧಣಿಗೆ ಕೊಡಬೇಕು ಅಂದ. ಇದು ಗೇಣಿಯಲ್ಲದೆ ಇನ್ನೇನು? ಸೈನ್ಯದ ಹಿಂದೆಯೇ ಧಣಿಗಳೂ ಬಂದರು, ಕೆಲವರು ಸೈನಿಕರನ್ನು ಕರೆದುಕೊಂಡೇ ಬಂದರು. ಕೆಂಪಿನವರೂ ಸಾಚಾ ಅಲ್ಲ. ಬಂದೂಕು ಹಿಡಿದ ದಳ ಕಳಿಸಿ ಕಣಜ ಬಳಿದುಕೊಂಡು ಹೋದರು. ರೈತ ಇಬ್ಬರನ್ನೂ ಶಪಿಸಿದ. ಆದರೆ ಒಬ್ಬನು ಈ ವರ್ಷದ ಬೆಳೆ ಒಯ್ಯುತ್ತಾನೆ, ಇನ್ನೊಬ್ಬನು ಹೊಲವನ್ನೇ ಒಯ್ಯುತ್ತಾನೆ. ನಮ್ಮ ಅಜ್ಜ ಇದ್ದಿದ್ದರೆ ಯಾವ ಕಡೆ ಹೋಗುತ್ತಿದ್ದರು ಅಂತ ನನಗೆ ಅನುಮಾನವೇ ಇಲ್ಲ.

ಬಿಳಿಯರಲ್ಲಿ ಇದು ಅರ್ಥವಾದದ್ದು ಡೆನಿಕಿನ್ ನಂತರ ಬಂದ ವ್ರಾಂಗೆಲ್‌ಗೆ. 1920ರಲ್ಲಿ ಭೂಮಿ ಕಾನೂನು ಮಾಡಿದ. ಆಗ ಅವನ ಕೈಯಲ್ಲಿ ಉಳಿದದ್ದು ಕ್ರಿಮಿಯಾ ಮತ್ತು ಅದರ ಮೇಲಿನ ಒಂದು ತುಂಡು. ನವೆಂಬರ್‌ನಲ್ಲಿ ಹಡಗು ಹತ್ತಿದ. ಇನ್ನೊಂದು ಗಮನಿಸಿ. ತಾಂಬೋವ್ ರೈತರು ಕೆಂಪಿನವರ ಮೇಲೆ ದೊಡ್ಡದಾಗಿ ತಿರುಗಿಬಿದ್ದದ್ದು 1920ರ ಆಗಸ್ಟ್‌ನಲ್ಲಿ. ಧಣಿ ಮತ್ತೆ ಬರುವುದಿಲ್ಲ ಅಂತ ಗಟ್ಟಿಯಾದ ಮೇಲೆ.

ಸುಬೇದಾರ್ ಸರ್‌ಗೆ ಒಂದು ಪ್ರಶ್ನೆ. ಫಿನ್‌ಲ್ಯಾಂಡ್‌ನಲ್ಲೂ 1918ರಲ್ಲಿ ಕೆಂಪು–ಬಿಳಿ ಯುದ್ಧ ಆಯಿತು. ಹೆಲ್ಸಿಂಕಿ, ತಾಂಪೆರೆ, ವೀಪುರಿ, ಕಾರ್ಖಾನೆಗಳೆಲ್ಲ ಕೆಂಪಿನವರ ಕೈಯಲ್ಲಿ. ಆದರೂ ಮೂರೂವರೆ ತಿಂಗಳಲ್ಲಿ ಸೋತರು. ಅಲ್ಲಿ ಬಿಳಿಯರ ಜೊತೆ ನಿಂತದ್ದು ಸ್ವಂತ ಹೊಲ ಇದ್ದ ರೈತರು. ನಿಮ್ಮ ಛತ್ರಿ ಅಲ್ಲಿ ಯಾಕೆ ಬಿಚ್ಚಲಿಲ್ಲ?


ರೇಶನ್_ಸುಬೇದಾರ್

ಮೇಡಂ, ಒಳ್ಳೆ ಪೆಟ್ಟು ಕೊಟ್ಟಿರಿ. ನಿನ್ನೆ ರಾತ್ರಿ ಕೂತು ಮ್ಯಾಪ್ ನೋಡಿದೆ.

ಅರ್ಧ ನನ್ನ ಕಡೆಗೇ ಇದೆ. ಫಿನ್‌ಲ್ಯಾಂಡ್‌ನಲ್ಲಿ ಪೂರ್ವ–ಪಶ್ಚಿಮವಾಗಿ ಅಡ್ಡ ಹೋಗುವ ಒಂದು ಹಳಿ ಇದೆ. ಹಾಪಮಾಕಿ ಅನ್ನುವುದು ಅದರ ಜಂಕ್ಷನ್. ಅದು ಬಿಳಿಯರ ಕೈಯಲ್ಲಿತ್ತು. ಕೆಂಪಿನವರು ವಿಲ್ಪುಲಾ ಹತ್ತಿರ ಮತ್ತೆ ಮತ್ತೆ ನುಗ್ಗಿದ್ದು ಆ ಹಳಿಯನ್ನು ಕತ್ತರಿಸಲಿಕ್ಕೆ. ಆಗಲಿಲ್ಲ. ಅಂದರೆ ಸೈನ್ಯವನ್ನು ಆ ಕಡೆ ಈ ಕಡೆ ಸರಿಸುವ ಸೌಕರ್ಯ ಅಲ್ಲಿ ಬಿಳಿಯರಿಗೆ.

ಇನ್ನರ್ಧ ದೊಡ್ಡಪ್ಪನದ್ದು, ಒಪ್ಪಲೇಬೇಕು. ಅಲ್ಲಿ ಕೆಂಪಿನವರಿಗೆ ಆಫೀಸರ್ ನಿಜವಾಗಿ ಇರಲಿಲ್ಲ. ಬಿಳಿಯರ ಕಡೆ ಮನ್ನರ್‌ಹೈಮ್, ಝಾರನ ಜನರಲ್ ಆಗಿದ್ದವನು. ಜರ್ಮನಿಯಲ್ಲಿ ತರಬೇತಿ ಪಡೆದು ಬಂದ ಫಿನ್ನಿಷ್ ಹುಡುಗರು ಸಾವಿರದ ಮೇಲೆ. ಏಪ್ರಿಲ್‌ನಲ್ಲಿ ಜರ್ಮನ್ ಡಿವಿಜನ್ ಬೇರೆ ಹಾಂಕೋದಲ್ಲಿ ಇಳಿಯಿತು. ಜರ್ಮನ್ನರು ಬಂದು ಹೊಡೆದರು. ರಷ್ಯಾಕ್ಕೆ ಬಂದ ಹೊರಗಿನವರು ಹೆಚ್ಚಾಗಿ ಬಂದರಿನಲ್ಲಿ ಕೂತು ಚಹಾ ಕುಡಿದರು. ಅಲ್ಲಿ ಇಲ್ಲಿ ಚಕಮಕಿ ಆಯಿತು, ಇಲ್ಲ ಅನ್ನುವುದಿಲ್ಲ. ಆದರೆ ಪಾಪ, ಅವರೂ ನಾಲ್ಕು ವರ್ಷ ಮಹಾಯುದ್ಧ ಮಾಡಿ ಸಾಕಾಗಿದ್ದವರು.

ಹೊಲದ ವಿಷಯ ನೀವು ಹೇಳಿದ್ದೇ ಸರಿ. ಫಿನ್‌ಲ್ಯಾಂಡ್ ಬಿಳಿಯರು ಗೆದ್ದ ವರ್ಷವೇ, 1918ರ ಅಕ್ಟೋಬರ್‌ನಲ್ಲಿ, ಗೇಣಿದಾರರು ತಮ್ಮ ಹೊಲ ಕೊಂಡುಕೊಳ್ಳುವ ಕಾನೂನು ಮಾಡಿದರು. ಡೆನಿಕಿನ್‌ಗೆ ಅದು ಹೊಳೆಯಲಿಲ್ಲ. 'ರಷ್ಯಾ ಒಂದೇ, ಒಡೆಯಬಾರದು' ಅಂತ ಹಿಡಿದು ಕೂತು ಪೋಲೆಂಡಿನವರನ್ನೂ ಕಳೆದುಕೊಂಡ. 1919ರ ಶರತ್ಕಾಲದಲ್ಲಿ ಡೆನಿಕಿನ್ ಮಾಸ್ಕೋ ಕಡೆ ನುಗ್ಗುತ್ತಿದ್ದಾಗ ಪೋಲೆಂಡಿನ ನಾಯಕ ಪಿಲ್ಸುಡ್ಸ್ಕಿ ಸೈನ್ಯ ನಿಲ್ಲಿಸಿಕೊಂಡು ಸುಮ್ನೆ ನೋಡುತ್ತಿದ್ದ. ಡೆನಿಕಿನ್ ಗೆದ್ದರೆ ಪೋಲೆಂಡ್‌ಗೇ ಕುತ್ತು ಅಂತ ಅವನ ಲೆಕ್ಕ. ಪಕ್ಕದ ಮನೆಯವನ ಬೇಲಿ ಒಪ್ಪದೆ ಅವನ ಹತ್ತಿರ ಆಳು ಕೇಳಿದರೆ ಯಾರು ಕಳಿಸುತ್ತಾರೆ?


ಬೇಟೆನಾಯಿ

ನಾನು ಎರಡು ಸಾಲಿನಲ್ಲಿ ಮುಗಿಸಿದ್ದೆ. ಆದರೂ ಆ ಮೂರನೇ ಪಾಲಿನ ವಿಷಯ ಗೊತ್ತಿರಲಿಲ್ಲ. ಥ್ಯಾಂಕ್ಸ್ ಟೀಚರ್.


ಕಕ್ಕಡದ_ಓದುಗ

ಕರೆಂಟ್ ಬಂತು. ಎಲ್ಲವನ್ನೂ ದೊಡ್ಡಪ್ಪನಿಗೆ ಓದಿ ಹೇಳಿದೆ. ಫಿನ್‌ಲ್ಯಾಂಡ್ ಬಂದಾಗ 'ನೋಡಿದೆಯಾ' ಅಂತ ನನ್ನ ತೊಡೆಗೆ ಒಂದು ಹೊಡೆದರು. ಅಜ್ಜಿಯ ಪೆಟ್ಟಿಗೆ ವಿಷಯಕ್ಕೆ ಏನೂ ಹೇಳಲಿಲ್ಲ, ಎದ್ದು ಹೋಗಿ ನಮ್ಮ ಜಮ್ಮಾ ಬಾಣೆ ಜಮೀನಿನ ಹಳೇ ಕಾಗದದ ಚೀಲ ಒದ್ದೆಯಾಗಿದೆಯಾ ಅಂತ ಮುಟ್ಟಿ ನೋಡಿ ಬಂದರು. ಎಎಸ್‌ಸಿಯವರ ಬಗ್ಗೆ ಹೇಳಿದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ ಸರ್.

ಅವರದ್ದು ಕೊನೆಗೆ ಒಂದು ಪ್ರಶ್ನೆ: ಆ ಝಾರನ ಕರ್ನಲ್ ಕಮೆನೆವ್‌ಗೆ ಪೆನ್ಶನ್ ಸಿಕ್ಕಿತಾ?


ರೇಶನ್_ಸುಬೇದಾರ್

ಎಲ್ಲಿಯ ಪೆನ್ಶನ್. ಕಮೆನೆವ್ 1936ರಲ್ಲಿ ಹೃದಯ ನಿಂತು ಸತ್ತ, ಅದು ಅವನ ಅದೃಷ್ಟ. ಅವನಿಗಿಂತ ಮೊದಲು ಆ ಕುರ್ಚಿಯಲ್ಲಿದ್ದ ವಾಟ್ಸೆಟಿಸ್, ಕೋಲ್ಚಾಕ್‌ನನ್ನು ಅಟ್ಟಿದ ತುಖಾಚೆವ್ಸ್ಕಿ, ಡೆನಿಕಿನ್‌ನನ್ನು ತಡೆದ ಯೆಗೋರೊವ್, ಮೂವರನ್ನೂ 1937ರಿಂದ 1939ರ ಒಳಗೆ ಸ್ಟಾಲಿನ್ ಗುಂಡಿಟ್ಟು ಕೊಲ್ಲಿಸಿದ.

ಬುದ್ಯೋನಿ 1973ರಲ್ಲಿ ತೀರಿಕೊಂಡ, ತೊಂಬತ್ತು ವರ್ಷಕ್ಕೆ. ಹವಾಲ್ದಾರ್ ಬುದ್ಧಿ ಅಂತ ದೊಡ್ಡಪ್ಪನಿಗೆ ಹೇಳು.